ಕೆಲಸದಲ್ಲಿ ಕಾಣುವ ಸಾಮರ್ಥ್ಯವನ್ನು ಅರಿಯುವ ಬಗೆ: ಗುಣಾತ್ಮಕ ಸಂಶೋಧಕರಿಗೊಂದು ಕೈಪಿಡಿ

ಒಂದು ವೃತ್ತಿಯಲ್ಲಿ ಯಾರು ಸಮರ್ಥರು, ಅವರ ಸಾಮರ್ಥ್ಯ ಯಾವುದರಲ್ಲಿದೆ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡ ಸಂಶೋಧಕರು ಸಾಮಾನ್ಯವಾಗಿ ಮೊದಲು ಗುಣಗಳ ಪಟ್ಟಿಯೊಂದನ್ನು ತಯಾರಿಸುತ್ತಾರೆ: ವಿಷಯಜ್ಞಾನ, ಸಂವಹನ ಕೌಶಲ, ತಾಳ್ಮೆ, ಇತರರೊಂದಿಗೆ ಹೊಂದಿಕೊಂಡು ದುಡಿಯುವ ಮನೋಭಾವ, ಇತ್ಯಾದಿ. ಬಳಿಕ ಅದನ್ನೇ ಐದು ಅಂಕಗಳ ಪ್ರಶ್ನಾವಳಿಯಾಗಿಸಿ ಹಂಚುತ್ತಾರೆ. ಆ ಪಟ್ಟಿ ಸುಳ್ಳೇನಲ್ಲ. ಆದರೆ ಅದು ಆಸ್ಪತ್ರೆಯ ನರ್ಸ್‌ಗೂ, ಬಸ್ ಡಿಪೊದ ಮೆಕ್ಯಾನಿಕ್‌ಗೂ, ಬ್ಯಾಂಕಿನ ಗುಮಾಸ್ತರಿಗೂ ಹೆಚ್ಚು ಕಡಿಮೆ ಸಮನಾಗಿ ಒಪ್ಪುತ್ತದೆ. ಹಾಗೆ ಎಲ್ಲರಿಗೂ ಒಪ್ಪುವ ಪಟ್ಟಿ ಯಾರ ಕೆಲಸದ ಬಗೆಗೂ ಹೆಚ್ಚೇನನ್ನೂ ತಿಳಿಸುವುದಿಲ್ಲ. ಎಣಿಕೆಯ ಬದಲು ಸಂದರ್ಶನ, ವೀಕ್ಷಣೆಗಳನ್ನು ಆಧರಿಸುವ ಗುಣಾತ್ಮಕ ವಿಧಾನಗಳು ಈ ಹಂತದಿಂದ ಮುಂದೆ ಹೋಗುವ ದಾರಿಗಳು. ಅವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು, ಕ್ಷೇತ್ರದಲ್ಲಿ ಹೇಗೆ ನಡೆಸಬೇಕು, ದೊರೆತ ಮಾತುಗಳನ್ನು ಹೇಗೆ ವಿಶ್ಲೇಷಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಓದುಗರು ಸ್ನಾತಕೋತ್ತರ ಅಥವಾ ಪಿಎಚ್.ಡಿ. ಮಟ್ಟದ ವಿದ್ಯಾರ್ಥಿಗಳೋ, ಸಂಸ್ಥೆಯೊಂದರ ತರಬೇತಿ ವಿಭಾಗದವರೋ ಆಗಿರಬಹುದೆಂದು ಭಾವಿಸಿದ್ದೇನೆ.

ಪಟ್ಟಿ ಮಾಡುವ ಪದ್ಧತಿಗೆ ದೀರ್ಘ ಇತಿಹಾಸವಿದೆ. ಅಮೆರಿಕದ ಫ್ರೆಡರಿಕ್ ಟೇಲರ್ 20ನೆಯ ಶತಮಾನದ ಆರಂಭದಲ್ಲಿಯೇ ಕಾರ್ಮಿಕರ ಕೆಲಸವನ್ನು ಬಿಡಿಬಿಡಿ ಚಲನೆಗಳಾಗಿ ಒಡೆದು, ಗಡಿಯಾರ ಹಿಡಿದು ಅಳೆದರು. 1973ರಲ್ಲಿ ಮನೋವಿಜ್ಞಾನಿ ಡೇವಿಡ್ ಮೆಕ್ಲೆಲ್ಯಾಂಡ್, ಬುದ್ಧಿಮತ್ತೆಯ ಪರೀಕ್ಷೆಗಳ ಬದಲು ಕೆಲಸಕ್ಕೆ ಬೇಕಾದ ಸಾಮರ್ಥ್ಯವನ್ನೇ ಪರೀಕ್ಷಿಸಬೇಕೆಂದು ವಾದಿಸಿದ ಲೇಖನ ಪ್ರಕಟಿಸಿದರು. ಇಂದು ಕಂಪನಿಗಳ ಮಾನವ ಸಂಪನ್ಮೂಲ ವಿಭಾಗಗಳಲ್ಲಿ ಬಳಕೆಯಲ್ಲಿರುವ ಸಾಮರ್ಥ್ಯ ಮಾದರಿಗಳಲ್ಲಿ ಬಹಳಷ್ಟು ಈ ಚಿಂತನೆಯ ಸಂತತಿ. ಎರಡರಲ್ಲಿಯೂ ಒಂದು ಊಹೆ ಅಡಗಿದೆ: ಒಂದು ಕಡೆ ಕೆಲಸವಿದೆ, ಇನ್ನೊಂದು ಕಡೆ ಕೆಲಸಗಾರನಿದ್ದಾನೆ, ಎರಡನ್ನೂ ಬೇರೆ ಬೇರೆಯಾಗಿ ವರ್ಣಿಸಿ ಆಮೇಲೆ ಹೊಂದಿಸಿದರೆ ಸಾಮರ್ಥ್ಯ ಸಿಗುತ್ತದೆ.

ಈ ಊಹೆಯನ್ನು ಅಲುಗಾಡಿಸಿದ ಅಧ್ಯಯನವೆಂದರೆ ಸ್ವೀಡನ್ನಿನ ಯೋರ್ಗೆನ್ ಸ್ಯಾಂಡ್‌ಬರ್ಗ್ ವೋಲ್ವೊ ಕಾರು ಕಂಪನಿಯಲ್ಲಿ ನಡೆಸಿ 2000ದಲ್ಲಿ ಪ್ರಕಟಿಸಿದ ಸಂಶೋಧನೆ. ಹೊಸ ಕಾರುಗಳ ಎಂಜಿನ್‌ಗಳನ್ನು ಹದಗೊಳಿಸುವ 20 ಮಂದಿಯನ್ನು ಅವರು ಸಂದರ್ಶಿಸಿದರು. ಎಲ್ಲರೂ ಒಂದೇ ವಿಭಾಗದವರು, ಒಂದೇ ಬಗೆಯ ಕೆಲಸದವರು. ಆದರೂ ಅವರು ತಮ್ಮ ಕೆಲಸವನ್ನು ಗ್ರಹಿಸಿದ್ದು ಮೂರು ಬಗೆಯಲ್ಲಿ. ಕೆಲವರಿಗೆ ಅದು ಎಂಜಿನ್ನಿನ ಒಂದೊಂದು ಗುಣವನ್ನು ಪ್ರತ್ಯೇಕವಾಗಿ, ಒಂದಾದ ಮೇಲೊಂದರಂತೆ ಸರಿಪಡಿಸುವ ಕೆಲಸ. ಇನ್ನು ಕೆಲವರಿಗೆ ಒಂದನ್ನು ಮುಟ್ಟಿದರೆ ಇನ್ನೊಂದು ಬದಲಾಗುವ, ಪರಸ್ಪರ ಹೆಣೆದುಕೊಂಡ ಗುಣಗಳನ್ನು ಒಟ್ಟಾಗಿ ಹೊಂದಿಸುವ ಕೆಲಸ. ಮೂರನೆಯ ಗುಂಪಿನವರು ಕಾರನ್ನು ಓಡಿಸುವ ಗ್ರಾಹಕನ ಅನುಭವದ ಕಡೆಯಿಂದ ಎಂಜಿನ್ನನ್ನು ನೋಡುತ್ತಿದ್ದರು. ಇಲ್ಲಿ ಗಮನಿಸಬೇಕಾದುದು ಇಷ್ಟು: 'ಎಂಜಿನ್ನಿನ ಜ್ಞಾನ', 'ವಿಶ್ಲೇಷಿಸುವ ಶಕ್ತಿ' ಮೊದಲಾದವು ಪಟ್ಟಿಯಲ್ಲಿ ಒಂದೇ ಹೆಸರಿನಿಂದ ಕಾಣಿಸಿಕೊಂಡರೂ ಗ್ರಹಿಕೆ ಬದಲಾದಂತೆ ಅವುಗಳ ಅರ್ಥವೇ ಬದಲಾಗುತ್ತಿತ್ತು. ಕೆಲಸವನ್ನು ಕೆಲಸಗಾರರು ಹೇಗೆ ಅರ್ಥಮಾಡಿಕೊಂಡಿದ್ದಾರೆ ಎಂಬುದು, ಅವರು ಯಾವ ಜ್ಞಾನವನ್ನು ಗಳಿಸುತ್ತಾರೆ, ಅದನ್ನು ಹೇಗೆ ಬಳಸುತ್ತಾರೆ ಎಂಬುದನ್ನು ನಿರ್ಧರಿಸುತ್ತದೆ. ಆದ್ದರಿಂದ ಸಂಶೋಧಕರು ಮೊದಲು ಹಿಡಿಯಬೇಕಾದುದು ಆ ಅರ್ಥವನ್ನು. ಮುಂದಿನ ಸೂಚನೆಗಳೆಲ್ಲ ಈ ನಿಲುವಿನಿಂದ ಹೊರಟವು.

ಪ್ರಶ್ನೆಗೆ ತಕ್ಕ ವಿಧಾನ

ವಿವರಣೆಗೆ ಒಂದು ಸಂದರ್ಭವನ್ನು ಇಟ್ಟುಕೊಳ್ಳೋಣ: ತಾಲ್ಲೂಕು ಆಸ್ಪತ್ರೆಗಳ ಹೆರಿಗೆ ವಾರ್ಡುಗಳಲ್ಲಿ ದುಡಿಯುವ ಸ್ಟಾಫ್ ನರ್ಸ್‌ಗಳ ಸಾಮರ್ಥ್ಯವನ್ನು ನೀವು ಅಧ್ಯಯನ ಮಾಡಲು ಹೊರಟಿದ್ದೀರಿ. ಅವರಿಗೆ ನಿಯಮಾವಳಿಗಳೂ ಪರಿಶೀಲನಾ ಪಟ್ಟಿಗಳೂ ಸಾಕಷ್ಟಿವೆ. ಹೆರಿಗೆ ಕೊಠಡಿಗಳ ಗುಣಮಟ್ಟ ಸುಧಾರಣೆಗೆಂದು ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ 'ಲಕ್ಷ್ಯ' ಕಾರ್ಯಕ್ರಮವೂ ಇದೆ. ಪಟ್ಟಿಯಲ್ಲಿರುವುದನ್ನು ಮಾಡಿದರೇ ಇಲ್ಲವೇ ಎಂಬುದಷ್ಟೇ ನಿಮ್ಮ ಪ್ರಶ್ನೆಯಾದರೆ ಗುಣಾತ್ಮಕ ಸಂಶೋಧನೆಯ ಅಗತ್ಯವಿಲ್ಲ, ಒಬ್ಬ ಪರಿವೀಕ್ಷಕರು ಸಾಕು. ಒಂದೇ ಪಟ್ಟಿಯನ್ನು ಪಾಲಿಸುವ ಇಬ್ಬರು ನರ್ಸ್‌ಗಳಲ್ಲಿ ಒಬ್ಬರು ರಕ್ತಸ್ರಾವದ ಅಪಾಯವನ್ನು ಇನ್ನೊಬ್ಬರಿಗಿಂತ ಮೊದಲೇ ಗುರುತಿಸುವುದು ಹೇಗೆ ಎಂಬುದು ನಿಮ್ಮ ಪ್ರಶ್ನೆಯಾದರೆ ಮುಂದೆ ಓದಬಹುದು.

ಕೆಲಸಗಾರರು ತಮ್ಮ ಕೆಲಸವನ್ನು ಎಷ್ಟು ಬಗೆಯಲ್ಲಿ ಗ್ರಹಿಸುತ್ತಾರೆಂದು ತಿಳಿಯಬೇಕಾದರೆ ಫಿನೊಮಿನಾಗ್ರಫಿ ಸೂಕ್ತ. ಸ್ಯಾಂಡ್‌ಬರ್ಗ್ ಬಳಸಿದ್ದು ಇದನ್ನೇ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಫೆರೆನ್ಸ್ ಮಾರ್ಟನ್ ಮತ್ತು ಸಂಗಡಿಗರು 1970ರ ದಶಕದಲ್ಲಿ, ಒಂದೇ ಪಠ್ಯವನ್ನು ಓದಿದ ವಿದ್ಯಾರ್ಥಿಗಳು ಅದನ್ನು ಬೇರೆ ಬೇರೆ ಬಗೆಯಲ್ಲಿ ಅರ್ಥಮಾಡಿಕೊಳ್ಳುವುದನ್ನು ಗಮನಿಸುತ್ತಾ ಈ ವಿಧಾನವನ್ನು ರೂಪಿಸಿದರು. ಇದರ ಗಮನ ವ್ಯಕ್ತಿಗಳ ಮೇಲಲ್ಲ, ಗ್ರಹಿಕೆಗಳ ನಡುವಣ ವ್ಯತ್ಯಾಸದ ಮೇಲೆ.

ಒತ್ತಡದ ಕ್ಷಣಗಳಲ್ಲಿ ನಿರ್ಧಾರ ಹೇಗೆ ಹುಟ್ಟುತ್ತದೆಂದು ತಿಳಿಯಬೇಕಾದರೆ ಘಟನೆಯನ್ನು ಆಧರಿಸಿದ ಸಂದರ್ಶನ ಬೇಕು. ಇದರ ಮೂಲ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಗಾಗಿ ದುಡಿದ ಜಾನ್ ಫ್ಲ್ಯಾನಗನ್ 1954ರಲ್ಲಿ ವಿವರಿಸಿದ ನಿರ್ಣಾಯಕ ಘಟನೆಗಳ ತಂತ್ರ. ಗ್ಯಾರಿ ಕ್ಲೈನ್ ಮತ್ತು ಸಹೋದ್ಯೋಗಿಗಳು 1980ರ ದಶಕದಲ್ಲಿ ಇದನ್ನು ಬೆಳೆಸಿ ಅಗ್ನಿಶಾಮಕ ದಳದ ಮುಖ್ಯಸ್ಥರ ನಿರ್ಧಾರಗಳನ್ನು ಅಧ್ಯಯನ ಮಾಡಿದರು. ಹಲವು ಆಯ್ಕೆಗಳನ್ನು ತೂಗಿ ನೋಡಿ ಒಂದನ್ನು ಆರಿಸುತ್ತಾರೆಂದು ಭಾವಿಸಬಹುದಾದ ಕಡೆ, ಅನುಭವಿಗಳು ಬಹುಪಾಲು ಪರಿಸ್ಥಿತಿಯನ್ನು ಗುರುತುಹಿಡಿದು ಮೊದಲು ಹೊಳೆದ ಕ್ರಮವನ್ನೇ ಮನಸ್ಸಿನಲ್ಲಿ ನಡೆಸಿ ನೋಡುತ್ತಿದ್ದರು. ಐದು ಅಂಕಗಳ ಪ್ರಶ್ನಾವಳಿ ಇಂಥದನ್ನು ಹೊರಗೆಡವುವುದು ಸಾಧ್ಯವೇ ಇರಲಿಲ್ಲ.

ಸಾಮರ್ಥ್ಯವು ಗುಂಪಿನಲ್ಲಿ ಹೇಗೆ ಉಳಿಯುತ್ತದೆ, ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತದೆ ಎಂಬುದು ಪ್ರಶ್ನೆಯಾದರೆ ಸಂದರ್ಶನ ಸಾಲದು; ಕೆಲಸದ ಜಾಗದಲ್ಲಿ ತಿಂಗಳುಗಟ್ಟಲೆ ಇದ್ದು ನೋಡುವ ಜನಾಂಗ ವಿವರಣೆಯ ಮಾರ್ಗ ಬೇಕಾಗುತ್ತದೆ. ಜೆರಾಕ್ಸ್ ಕಂಪನಿಯ ಯಂತ್ರ ರಿಪೇರಿಗಾರರನ್ನು ಜೂಲಿಯನ್ ಆರ್ ಹೀಗೆ ಅಧ್ಯಯನ ಮಾಡಿದಾಗ, ಕೈಪಿಡಿಯಲ್ಲಿಲ್ಲದ ದೋಷಗಳನ್ನು ಅವರು ಹಳೆಯ ರಿಪೇರಿಗಳ ಕಥೆಗಳನ್ನು ಪರಸ್ಪರ ಹೇಳಿಕೊಳ್ಳುತ್ತಾ ಬಗೆಹರಿಸುತ್ತಿದ್ದುದು ಕಂಡುಬಂತು. ಊಟದ ಹೊತ್ತಿನ ಹರಟೆಯೆಂದು ಮೇಲಧಿಕಾರಿಗಳು ತಳ್ಳಿಹಾಕಬಹುದಾಗಿದ್ದ ಮಾತುಗಳಲ್ಲಿಯೇ ವೃತ್ತಿಜ್ಞಾನ ಇತ್ತು.

ಒಂದು ಅಧ್ಯಯನಕ್ಕೆ ಒಂದು ಮುಖ್ಯ ವಿಧಾನವಿರಲಿ, ಇನ್ನೊಂದು ಅದಕ್ಕೆ ಆಸರೆಯಾಗಿರಲಿ. ನಾಲ್ಕು ವಿಧಾನಗಳನ್ನು ಬೆರೆಸಿದ ಪ್ರಬಂಧಗಳಲ್ಲಿ ಯಾವುದೂ ಆಳಕ್ಕೆ ಇಳಿದಿರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕ್ಷೇತ್ರ ಪ್ರವೇಶ ಮತ್ತು ಆಯ್ಕೆ

ಮೊದಲು ನೈತಿಕ ಸಮಿತಿಯ ಅನುಮೋದನೆ ಪಡೆಯಿರಿ. ಆರೋಗ್ಯ ಕ್ಷೇತ್ರವಾದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಹೊರತಂದ ಮಾರ್ಗಸೂಚಿ ಅನ್ವಯಿಸುತ್ತದೆ. ಆದರೆ ಸಾಮರ್ಥ್ಯದ ಅಧ್ಯಯನಕ್ಕೆ ವಿಶೇಷವಾದ ತೊಡಕೊಂದಿದೆ: ನೀವು ಏನೇ ವಿವರಿಸಿದರೂ ನೌಕರರು ಅದನ್ನು ತಮ್ಮ ಕಾರ್ಯಕ್ಷಮತೆಯ ಪರೀಕ್ಷೆಯೆಂದೇ ಭಾವಿಸುವ ಸಾಧ್ಯತೆ ಹೆಚ್ಚು. ಗುತ್ತಿಗೆಯ ಮೇಲೆ ದುಡಿಯುವವರಿಗೆ ಈ ಭಯ ಇನ್ನೂ ಸಹಜ. ಆಡಳಿತ ವೈದ್ಯಾಧಿಕಾರಿಯವರಿಂದ ಅನುಮತಿ ಪಡೆಯಲೇಬೇಕು, ಆದರೆ ಭಾಗವಹಿಸುವವರನ್ನು ಅವರೇ ಆರಿಸಿ ಕಳುಹಿಸುವಂತಾಗಬಾರದು. ಹಾಗಾದರೆ ನಿಮ್ಮ ಮುಂದೆ ಬರುವವರು ಅಧಿಕಾರಿಗೆ ಮೆಚ್ಚಿನವರು ಅಥವಾ ಆ ಹೊತ್ತಿಗೆ ಕೈಗೆ ಸಿಕ್ಕವರು. ಸಂದರ್ಶನದ ಧ್ವನಿಮುದ್ರಣವನ್ನು ಮೇಲಧಿಕಾರಿಗಳಿಗೆ ಕೊಡುವುದಿಲ್ಲವೆಂಬುದನ್ನು ಒಪ್ಪಿಗೆ ಪತ್ರದಲ್ಲಿ ಬರೆದು, ಆ ಷರತ್ತನ್ನು ಅಧಿಕಾರಿಗಳಿಗೂ ಮೊದಲೇ ತಿಳಿಸಿ ಒಪ್ಪಿಸಿಕೊಳ್ಳಿ.

ಎಷ್ಟು ಜನ ಬೇಕೆಂಬುದಕ್ಕೆ ಸೂತ್ರವಿಲ್ಲ. ಫಿನೊಮಿನಾಗ್ರಫಿಯಲ್ಲಿ ಸಾಮಾನ್ಯವಾಗಿ 15ರಿಂದ 30 ಮಂದಿ ಇರುತ್ತಾರೆ. ಸಂಖ್ಯೆಗಿಂತ ವೈವಿಧ್ಯ ಮುಖ್ಯ: ಹೊಸಬರು ಮತ್ತು ನಿವೃತ್ತಿಯ ಅಂಚಿನವರು, ಡಿಪ್ಲೊಮಾ ಓದಿದವರು ಮತ್ತು ಪದವಿ ಪಡೆದವರು, ಖಾಯಂ ನೌಕರರು ಮತ್ತು ಗುತ್ತಿಗೆಯವರು, ದಿನಕ್ಕೊಂದೆರಡು ಹೆರಿಗೆಯಾಗುವ ಆಸ್ಪತ್ರೆಯವರು ಮತ್ತು ಬಿಡುವೇ ಇಲ್ಲದ ಆಸ್ಪತ್ರೆಯವರು. 'ಉತ್ತಮ' ಎನಿಸಿಕೊಂಡವರನ್ನೇ ಆರಿಸಿದರೆ ಗ್ರಹಿಕೆಗಳ ನಡುವಣ ಅಂತರ ಕಾಣದೆ ಹೋಗುತ್ತದೆ.

ಸಂದರ್ಶನಕ್ಕೆ ಮುನ್ನ ಇನ್ನೊಂದು ಕೆಲಸವಿದೆ. ನಿಮ್ಮ ದೃಷ್ಟಿಯಲ್ಲಿ ಸಮರ್ಥ ನರ್ಸ್ ಎಂದರೆ ಯಾರು ಎಂಬುದನ್ನು ಎರಡು ಪುಟ ಬರೆದು, ದಿನಾಂಕ ಹಾಕಿ ಇಡಿ. ಸಂಶೋಧಕರು ಸ್ವತಃ ನರ್ಸಿಂಗ್ ಓದಿದವರಾದರಂತೂ ಇದನ್ನು ತಪ್ಪಿಸಬಾರದು. ವಿಶ್ಲೇಷಣೆಯ ಕೊನೆಯಲ್ಲಿ ನೀವು ಗುರುತಿಸಿದ ಗ್ರಹಿಕೆಯ ವರ್ಗಗಳು ಈ ಎರಡು ಪುಟಗಳನ್ನೇ ಹೋಲುತ್ತಿದ್ದರೆ, ನೀವು ಕೇಳಿಸಿಕೊಂಡದ್ದು ನಿಮ್ಮದೇ ಧ್ವನಿಯನ್ನು ಎಂಬ ಅನುಮಾನಕ್ಕೆ ಕಾರಣವಿದೆ.

ಕೇಳುವ ಬಗೆ

'ಒಳ್ಳೆಯ ನರ್ಸ್‌ನಲ್ಲಿ ಯಾವ ಗುಣಗಳಿರಬೇಕು?' ಎಂದು ಕೇಳಿದರೆ ತರಬೇತಿ ಶಾಲೆಯಲ್ಲಿ ಬರೆಸಿದ ಉತ್ತರ ಬರುತ್ತದೆ. ಅದರ ಬದಲು ಕೆಲಸವನ್ನೇ ಕೇಳಬೇಕು. ಸ್ಯಾಂಡ್‌ಬರ್ಗ್ ಎರಡೇ ಮೂಲ ಪ್ರಶ್ನೆಗಳನ್ನು ಇಟ್ಟುಕೊಂಡಿದ್ದರು: ನಿಮ್ಮ ಮಟ್ಟಿಗೆ ಈ ಕೆಲಸವೆಂದರೆ ಏನು, ಇದರಲ್ಲಿ ಸಮರ್ಥರು ಎಂದರೆ ಯಾರು. ಉಳಿದದ್ದೆಲ್ಲ ಹಿಂಬಾಲಿಸುವ ಪ್ರಶ್ನೆಗಳು. ನಮ್ಮ ಸಂದರ್ಭದಲ್ಲಿ ಹೀಗೆ ಆರಂಭಿಸಬಹುದು: 'ಸಿಸ್ಟರ್, ನಿನ್ನೆಯ ನಿಮ್ಮ ಡ್ಯೂಟಿ ಶುರುವಾದಾಗಿನಿಂದ ಏನೇನು ಮಾಡಿದಿರಿ, ಸ್ವಲ್ಪ ಹೇಳ್ತೀರಾ?' ಅವರು 'ಪೇಷಂಟನ್ನ ನೋಡಿಕೊಂಡೆ' ಎಂದರೆ ಅಲ್ಲಿಗೆ ನಿಲ್ಲಬಾರದು. ನೋಡಿಕೊಳ್ಳುವುದೆಂದರೆ ಏನೇನು, ಮೊದಲು ಕಣ್ಣು ಎಲ್ಲಿಗೆ ಹೋಯಿತು, ಏನು ಕಂಡಾಗ ಆತಂಕವಾಯಿತು, ಅದನ್ನು ಯಾರಿಗೆ ಹೇಳಿದಿರಿ, ಹೇಳದೆ ಬಿಟ್ಟದ್ದು ಏನು ಎಂದು ಇಳಿಯುತ್ತಾ ಹೋಗಬೇಕು. 'ಅಂದರೆ?', 'ಒಂದು ಉದಾಹರಣೆ ಹೇಳಿ' ಎಂಬ ಎರಡು ಮಾತುಗಳು ಇಡೀ ಪ್ರಶ್ನಾವಳಿಗಿಂತ ಹೆಚ್ಚು ಕೆಲಸ ಮಾಡುತ್ತವೆ. 'ಏಕೆ ಹಾಗೆ ಮಾಡಿದಿರಿ?' ಎಂಬುದನ್ನು ಮಾತ್ರ ಮಿತವಾಗಿ ಬಳಸಿ; ಸರ್ಕಾರಿ ಕಚೇರಿಯಲ್ಲಿ ದುಡಿಯುವವರ ಕಿವಿಗೆ ಅದು ಕಾರಣ ಕೇಳುವ ನೋಟಿಸಿನಂತೆ ಕೇಳಿಸುತ್ತದೆ, ಉತ್ತರವೂ ಸಮಜಾಯಿಷಿಯಾಗಿಬಿಡುತ್ತದೆ.

ಘಟನೆಯನ್ನು ಆಧರಿಸಿ ಕೇಳುವಾಗ ಕ್ಲೈನ್ ಅವರ ತಂಡ ಒಂದೇ ಘಟನೆಯನ್ನು ಹಲವು ಬಾರಿ ಸುತ್ತಿಬರುವ ಕ್ರಮವನ್ನು ರೂಪಿಸಿತ್ತು. ಮೊದಲ ಸುತ್ತಿನಲ್ಲಿ ಅಡ್ಡ ಮಾತಾಡದೆ ಪೂರ್ತಿ ಕಥೆ ಕೇಳುವುದು. ಎರಡನೆಯ ಸುತ್ತಿನಲ್ಲಿ ಕಾಲಕ್ರಮವನ್ನು ಕಾಗದದ ಮೇಲೆ ಬರೆದು ಇಬ್ಬರೂ ಸೇರಿ ಸರಿಪಡಿಸುವುದು. ಕೇಸ್ ಶೀಟಿನ ಸಮಯ ನೆನಪಿಗೆ ಬಂದಾಗ ಕಥೆಯ ಅನುಕ್ರಮ ಬದಲಾಗುವುದುಂಟು. ಮೂರನೆಯ ಸುತ್ತಿನಲ್ಲಿ ಪ್ರತಿ ತಿರುವಿನಲ್ಲಿಯೂ ನಿಂತು, ಆಗ ಏನು ಕಂಡಿತು, ಏನಾಗಬಹುದೆಂದು ಅನ್ನಿಸಿತ್ತು, ಯಾವ ಹಳೆಯ ಪ್ರಕರಣ ನೆನಪಾಯಿತು ಎಂದು ಕೇಳುವುದು. ಕೊನೆಗೆ, ಆ ಜಾಗದಲ್ಲಿ ಆರು ತಿಂಗಳ ಹಿಂದೆ ಸೇರಿದ ಹುಡುಗಿಯೊಬ್ಬಳು ಇದ್ದಿದ್ದರೆ ಯಾವುದನ್ನು ಗಮನಿಸುತ್ತಿರಲಿಲ್ಲ ಎಂದು ಕೇಳಿ. ತಮ್ಮ ಸಾಮರ್ಥ್ಯವನ್ನು ತಾವೇ ಹೊಗಳಿಕೊಳ್ಳಲು ಹಿಂಜರಿಯುವವರು ಈ ಪ್ರಶ್ನೆಗೆ ಧಾರಾಳವಾಗಿ ಉತ್ತರಿಸುತ್ತಾರೆ.

ಸಂಕೋಚದವರಿಗೆ ಹೊಂದುವ ಇನ್ನೊಂದು ತಂತ್ರವಿದೆ. ಇಟಲಿಯ ಇವಾರ್ ಒಡ್ಡೊನೆ 1970ರ ದಶಕದಲ್ಲಿ ಟ್ಯೂರಿನ್ನಿನ ಫಿಯಟ್ ಕಾರ್ಮಿಕರೊಂದಿಗೆ ಬಳಸಿದ ಈ ತಂತ್ರದಲ್ಲಿ, ನಾಳೆ ನಿಮ್ಮಂತೆಯೇ ಕಾಣುವ ಒಬ್ಬರು ನಿಮ್ಮ ಜಾಗದಲ್ಲಿ ಕೆಲಸಕ್ಕೆ ಹೋಗುತ್ತಾರೆ, ಯಾರಿಗೂ ಅನುಮಾನ ಬಾರದಂತೆ ಅವರು ಏನೇನು ಮಾಡಬೇಕೆಂದು ಹೇಳಿಕೊಡಿ ಎಂದು ಕೇಳಲಾಗುತ್ತದೆ. ಕೆಲಸದ ಜೊತೆಗೆ, ಯಾವ ಡಾಕ್ಟರಿಗೆ ಯಾವಾಗ ಫೋನ್ ಮಾಡಬೇಕು, ಗರ್ಭಿಣಿಯ ಅತ್ತೆಯೊಂದಿಗೆ ಹೇಗೆ ಮಾತಾಡಬೇಕು ಎಂಬಂಥ, ಯಾವ ಪಠ್ಯದಲ್ಲಿಯೂ ಇಲ್ಲದ ಸಂಗತಿಗಳು ಇದರಿಂದ ಹೊರಬರುತ್ತವೆ. ಆದರೆ ಹೇಳುವವರು ವಾಸ್ತವವನ್ನು ಬಿಟ್ಟು ಆದರ್ಶದ ಕಡೆ ಜಾರುವುದು ಸಾಮಾನ್ಯ. ಹಾಗಾದಾಗ 'ಅಷ್ಟು ಹೊತ್ತಿಗೆ ಇನ್ನೊಂದು ಕೇಸ್ ಬಂದರೆ ನಾನೇನು ಮಾಡಲಿ?' ಎಂದು ಪ್ರತಿರೂಪದ ಪಾತ್ರದಲ್ಲಿಯೇ ನಿಂತು ಕೇಳಿ ಅವರನ್ನು ನೆಲಕ್ಕೆ ಇಳಿಸಬೇಕು.

ಸಂದರ್ಶನ ಒಂದರಿಂದ ಒಂದೂವರೆ ಗಂಟೆ ಇರಲಿ. ಡ್ಯೂಟಿ ಮುಗಿದ ಕೂಡಲೇ ಕೂರಿಸಬೇಡಿ. ಬಸ್ಸಿನ ಹೊತ್ತು ತಲೆಯಲ್ಲಿರುವವರಿಂದ ವಿವರ ಬರುವುದಿಲ್ಲ.

ನೋಡುವುದು, ಬರಹಕ್ಕಿಳಿಸುವುದು

ಜನ ಹೇಳುವುದಕ್ಕಿಂತ ಹೆಚ್ಚನ್ನು ಬಲ್ಲರೆಂಬ ಮೈಕೆಲ್ ಪೊಲಾನ್ಯಿ ಅವರ ಮಾತು ಪ್ರಸಿದ್ಧ. ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗಿದೆಯೇ ಮೆತ್ತಗಿದೆಯೇ ಎಂದು ತಿಳಿಯುವ ಬಗೆಯನ್ನು ಮಾತಿನಲ್ಲಿ ಪೂರ್ತಿ ಹಿಡಿಯಲಾಗದು. ಆದ್ದರಿಂದ ಕೆಲವರ ಕೆಲಸವನ್ನಾದರೂ ಒಂದೆರಡು ಶಿಫ್ಟ್ ಜೊತೆಗಿದ್ದು ನೋಡಿ. ರೋಗಿಯ ಒಪ್ಪಿಗೆ ಬೇರೆಯಾಗಿಯೇ ಬೇಕು, ಹೆರಿಗೆ ಕೊಠಡಿಯೊಳಗಿನ ವೀಕ್ಷಣೆಗೆ ಅನುಮತಿ ಸಿಗದಿದ್ದರೆ ಒತ್ತಾಯಿಸಬಾರದು. ಶಿಫ್ಟ್ ಬದಲಾಗುವಾಗಿನ ಹ್ಯಾಂಡ್ ಓವರ್ ಒಂದನ್ನೇ ನೋಡಿದರೂ ಸಾಕಷ್ಟು ಸಿಗುತ್ತದೆ: ಯಾರು ದಾಖಲೆಯನ್ನು ಓದಿ ಹೇಳುತ್ತಾರೆ, ಯಾರು 'ಆ ಮೂರನೇ ಬೆಡ್ ಮೇಲೆ ಕಣ್ಣಿಡಿ' ಎನ್ನುತ್ತಾರೆ ಎಂಬ ವ್ಯತ್ಯಾಸದಲ್ಲಿ ಗ್ರಹಿಕೆಗಳ ವ್ಯತ್ಯಾಸವೂ ಕಾಣುತ್ತದೆ. ವೀಕ್ಷಣೆಯ ಟಿಪ್ಪಣಿಗಳನ್ನು ಅದೇ ರಾತ್ರಿ ವಿಸ್ತರಿಸಿ ಬರೆಯಿರಿ.

ಧ್ವನಿಮುದ್ರಣವನ್ನು ಬರಹಕ್ಕಿಳಿಸುವಾಗ ಆಡುಮಾತನ್ನು ಗ್ರಂಥಸ್ಥ ಕನ್ನಡಕ್ಕೆ ತಿದ್ದಬೇಡಿ. ಕಲಬುರಗಿಯ ನರ್ಸ್‌ನ ಮಾತು ಕಲಬುರಗಿಯದಾಗಿಯೂ, ಕುಂದಾಪುರದವರ ಮಾತು ಕುಂದಾಪುರದ್ದಾಗಿಯೂ ಇರಲಿ. ನಡುವೆ ಬರುವ 'ಬಿಪಿ ಶೂಟ್ ಆಯ್ತು', 'ಶಾಕ್‌ಗೆ ಹೋಗ್ತಾಳೆ ಅನ್ನಿಸ್ತು' ಎಂಬ ಮಾತುಗಳನ್ನು ಹಾಗೆಯೇ ಬರೆಯಿರಿ. ಪ್ರಬಂಧವನ್ನು ಇಂಗ್ಲಿಷಿನಲ್ಲಿ ಸಲ್ಲಿಸಬೇಕಾದವರು ಮೊದಲೇ ಅನುವಾದಿಸಿಕೊಂಡು ಅನುವಾದದ ಮೇಲೆ ವಿಶ್ಲೇಷಣೆ ನಡೆಸುವುದುಂಟು. ಇದು ಸಮಯ ಉಳಿಸಿದಂತೆ ತೋರಿದರೂ, 'ಯಾಕೋ ಸರಿ ಕಾಣ್ಲಿಲ್ಲ' ಎಂಬಂಥ, ಗ್ರಹಿಕೆಯ ಸುಳಿವು ಕೊಡುವ ಮಾತುಗಳೇ ಮೊದಲು ಕಳೆದುಹೋಗುತ್ತವೆ. ವಿಶ್ಲೇಷಣೆ ಕನ್ನಡದಲ್ಲಿಯೇ ನಡೆಯಲಿ, ಉದ್ಧರಿಸುವ ಸಾಲುಗಳನ್ನು ಮಾತ್ರ ಕೊನೆಯಲ್ಲಿ ಅನುವಾದಿಸಿ.

ವಿಶ್ಲೇಷಣೆ

ಹೆಚ್ಚಿನವರು ಎಡವುವುದು ಇಲ್ಲಿ. ಸಂದರ್ಶನಗಳನ್ನು ಸಾಫ್ಟ್‌ವೇರಿಗೆ ಹಾಕಿ ಸಾಲುಸಾಲಿಗೂ ಸಂಕೇತ ಕೊಟ್ಟು, 'ಸಂವಹನ', 'ಒತ್ತಡ', 'ತಂಡ' ಎಂಬ ಶೀರ್ಷಿಕೆಗಳ ಕೆಳಗೆ ತುಂಬಿದರೆ, ಬಿಟ್ಟು ಬಂದ ಗುಣಗಳ ಪಟ್ಟಿಗೇ ಸುತ್ತಿ ಬಳಸಿ ಮರಳಿದಂತಾಗುತ್ತದೆ. ಗ್ರಹಿಕೆಯು ಬಿಡಿ ಸಾಲಿನಲ್ಲಿ ಸಿಗುವಂಥದಲ್ಲ. ಇಡೀ ಸಂದರ್ಶನದಲ್ಲಿ ಒಬ್ಬರು ತಮ್ಮ ಕೆಲಸವನ್ನು ಎಲ್ಲಿ ಕೇಂದ್ರವಾಗಿಟ್ಟು ನೋಡುತ್ತಿದ್ದಾರೆ ಎಂಬುದರಲ್ಲಿ ಅದು ಇರುತ್ತದೆ.

ಆದ್ದರಿಂದ ಪ್ರತಿ ಸಂದರ್ಶನವನ್ನು ಮೊದಲು ಪೂರ್ತಿಯಾಗಿ, ಪೆನ್ನು ಕೆಳಗಿಟ್ಟು ಓದಿ. ಎರಡನೆಯ ಓದಿನಲ್ಲಿ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಇವರ ಮಟ್ಟಿಗೆ ಕೆಲಸವೆಂದರೆ ಏನು? ಉತ್ತರವನ್ನು ಅರ್ಧ ಪುಟದಲ್ಲಿ ಬರೆಯಿರಿ. ಮೂರನೆಯ ಓದಿನಲ್ಲಿ, ಆ ಕೆಲಸವನ್ನು ಅವರು ಹೇಗೆ ನೆರವೇರಿಸುತ್ತಾರೆ, ಯಾವ ಜ್ಞಾನ ಕೌಶಲಗಳನ್ನು ಅದಕ್ಕೆ ತರುತ್ತಾರೆ ಎಂದು ನೋಡಿ. ಆಮೇಲೆ ಎರಡನ್ನೂ ಎದುರುಬದುರು ಇಟ್ಟು, ಒಂದು ಇನ್ನೊಂದರಿಂದ ಅರ್ಥ ಪಡೆಯುತ್ತದೆಯೇ ಎಂದು ಪರೀಕ್ಷಿಸಿ. ನಂತರವಷ್ಟೇ ಸಂದರ್ಶನಗಳನ್ನು ಒಂದರೊಡನೊಂದು ಹೋಲಿಸಿ, ಒಂದೇ ಬಗೆಯವನ್ನು ಗುಂಪು ಮಾಡಿ. ಮೊದಲ ಗುಂಪುಗಾರಿಕೆ ಉಳಿಯುವುದಿಲ್ಲ, ಉಳಿಯಬೇಕಾಗಿಯೂ ಇಲ್ಲ. ಗುಂಪುಗಳನ್ನು ಒಡೆದು ಮತ್ತೆ ಕಟ್ಟುವುದು ಹಲವು ಬಾರಿ ನಡೆಯಬೇಕು.

ವಾದಕ್ಕಾಗಿ, ಹೆರಿಗೆ ವಾರ್ಡಿನ ಅಧ್ಯಯನದಲ್ಲಿ ಕೆಲವರಿಗೆ ಕೆಲಸವೆಂದರೆ ನಿಗದಿತ ಕಾರ್ಯಗಳನ್ನು ಸಮಯಕ್ಕೆ ಮುಗಿಸಿ ದಾಖಲಿಸುವುದು, ಇನ್ನು ಕೆಲವರಿಗೆ ಹೆರಿಗೆಯ ಗತಿಯನ್ನು ಒಟ್ಟಾಗಿ ಓದುತ್ತಾ ಮುಂದಿನದನ್ನು ಊಹಿಸುವುದು ಎಂದು ಕಂಡಿತು ಎಂದುಕೊಳ್ಳಿ. ಆಗ ಪಾರ್ಟೋಗ್ರಾಫ್ (ಹೆರಿಗೆಯ ಗತಿಯನ್ನು ದಾಖಲಿಸುವ ನಕ್ಷೆ) ತುಂಬುವ ಕೌಶಲ ಎರಡೂ ಗುಂಪಿನಲ್ಲಿ ಇರುತ್ತದೆ. ಆದರೆ ಮೊದಲನೆಯವರಿಗೆ ಅದು ಮುಗಿಸಬೇಕಾದ ದಾಖಲೆ, ಎರಡನೆಯವರಿಗೆ ಗರ್ಭಕೊರಳು ತೆರೆಯುವ ಗತಿಯೂ ಮಗುವಿನ ಎದೆಬಡಿತವೂ ಒಟ್ಟಿಗೆ ಕಾಣುವ ಚಿತ್ರ. ನಿಮ್ಮ ವರದಿಯಲ್ಲಿ ಬರಬೇಕಾದ ಮುಖ್ಯ ಸಂಗತಿ ಈ ಬಗೆಯದು. ಇದು ಉದಾಹರಣೆಗೆ ಕಟ್ಟಿದ್ದು ಮಾತ್ರ. ನಿಜವಾದ ವರ್ಗಗಳು ನಿಮ್ಮ ಸಂದರ್ಶನಗಳಿಂದಲೇ ಮೂಡಬೇಕು.

ವರ್ಗಗಳು ದೊರೆತ ಮೇಲೆ ಅವುಗಳ ನಡುವಣ ಸಂಬಂಧವನ್ನು ತೋರಿಸಬೇಕು. ವೋಲ್ವೊ ಅಧ್ಯಯನದಲ್ಲಿ ಮೂರನೆಯ ಗ್ರಹಿಕೆ ಮೊದಲೆರಡನ್ನು ಒಳಗೊಂಡು ಅವುಗಳಾಚೆ ಹೋಗುತ್ತಿದ್ದುದರಿಂದ ಅವುಗಳಲ್ಲಿ ಏರುಕ್ರಮವಿತ್ತು. ಎಲ್ಲ ವೃತ್ತಿಗಳಲ್ಲಿಯೂ ಅಂಥ ಏರುಕ್ರಮ ಇರಲೇಬೇಕೆಂದಿಲ್ಲ. ಇದ್ದರೆ, ಒಂದು ಗ್ರಹಿಕೆ ಇನ್ನೊಂದಕ್ಕಿಂತ ಸಮಗ್ರವೆನ್ನಲು ಸಂದರ್ಶನಗಳೊಳಗಿನ ಆಧಾರವನ್ನೇ ಕೊಡಬೇಕು. ಸೇವಾವಧಿಯನ್ನು ಆಧಾರವಾಗಿ ಹಿಡಿಯುವುದು ಸುಲಭದ ತಪ್ಪು. ಹೊಸಬರಿಂದ ನಿಪುಣರವರೆಗೆ ಐದು ಹಂತಗಳನ್ನು ಹೇಳಿದ ಡ್ರೈಫಸ್ ಸಹೋದರರ ಮಾದರಿಯನ್ನು 1984ರಲ್ಲಿ ಪೆಟ್ರೀಷಿಯಾ ಬೆನ್ನರ್ ನರ್ಸಿಂಗ್‌ಗೆ ಅನ್ವಯಿಸಿದರು, ಅದು ಉಪಯುಕ್ತವೇ. ಆದರೆ ವರ್ಷಗಳು ಸರಿದಂತೆ ಎಲ್ಲರೂ ಒಂದೇ ಮೆಟ್ಟಿಲನ್ನು ಏರುತ್ತಾರೆಂದು ಓದಿಕೊಂಡರೆ, ಒಂದೇ ಗ್ರಹಿಕೆಯೊಳಗೆ ಇಡೀ ಸೇವಾವಧಿಯನ್ನು ಚುರುಕಾಗಿ ಕಳೆಯುವವರೂ ಇರುತ್ತಾರೆಂಬುದು ಮರೆಯಾಗುತ್ತದೆ.

ವಿಶ್ವಾಸಾರ್ಹತೆಯ ಪ್ರಶ್ನೆಗೆ ಅಂಕಿಅಂಶದ ಉತ್ತರವಿಲ್ಲ, ಆದರೆ ಉತ್ತರವಿದೆ. ಸಂದರ್ಶನದಲ್ಲಿ ಹೇಳಿದ್ದು ಕೆಲಸದಲ್ಲಿ ಕಾಣುತ್ತದೆಯೇ ಎಂದು ವೀಕ್ಷಣೆಯಿಂದ ಪರೀಕ್ಷಿಸಬಹುದು. ನಿಮ್ಮ ವರ್ಗಕ್ಕೆ ಒಗ್ಗದ ಮಾತುಗಳನ್ನು ಹುಡುಕಿ ತೆಗೆದು, ಅವನ್ನು ವಿವರಿಸಲಾಗದಿದ್ದರೆ ವರ್ಗವನ್ನೇ ಬದಲಿಸಬೇಕು. ಮಾರ್ಗದರ್ಶಕರಿಗೋ ಸಹ ಸಂಶೋಧಕರಿಗೋ ನಾಲ್ಕಾರು ಸಂದರ್ಶನಗಳನ್ನು ಕೊಟ್ಟು ಅವರ ಓದನ್ನು ನಿಮ್ಮ ಓದಿನೊಂದಿಗೆ ಹೋಲಿಸಿ. ಪೂರ್ತಿ ಒಪ್ಪಿಗೆಗಿಂತ, ಎಲ್ಲಿ ಮತ್ತು ಏಕೆ ಬೇರೆಯಾಯಿತು ಎಂಬ ದಾಖಲೆ ಹೆಚ್ಚು ಬೆಲೆಯದು.

ವರದಿ ಬರೆಯುವಾಗ ಗುರುತು ಬಿಟ್ಟುಕೊಡದಂತೆ ನೋಡಿಕೊಳ್ಳಿ. ನಾಲ್ಕೇ ನರ್ಸ್‌ಗಳಿರುವ ಆಸ್ಪತ್ರೆಯಲ್ಲಿ ಹೆಸರು ಬದಲಿಸಿದರೆ ಸಾಲದು. ಸೇವಾವಧಿ, ಊರು, ಒಂದು ವಿಶಿಷ್ಟ ಘಟನೆ, ಕೆಲವೊಮ್ಮೆ ಆಡುಮಾತಿನ ಧಾಟಿ ಕೂಡ ಯಾರೆಂಬುದನ್ನು ಸಹೋದ್ಯೋಗಿಗಳಿಗೆ ತಿಳಿಸಿಬಿಡುತ್ತದೆ. ಗ್ರಹಿಕೆಯ ವರ್ಗಗಳಿಗೆ ವ್ಯಕ್ತಿಗಳನ್ನು ಅಂಟಿಸಿ, ಯಾವ ಆಸ್ಪತ್ರೆಯಲ್ಲಿ ಯಾವ ವರ್ಗದವರು ಎಷ್ಟು ಮಂದಿ ಎಂಬ ಕೋಷ್ಟಕವನ್ನು ಇಲಾಖೆ ಕೇಳಿದರೂ ಕೊಡಬೇಡಿ. 20 ಜನರ ಅಧ್ಯಯನ ಅಂಥ ಎಣಿಕೆಗೆ ಆಧಾರವಾಗುವುದಿಲ್ಲ, ಕೊಟ್ಟ ಮಾತೂ ಮುರಿಯುತ್ತದೆ. ತರಬೇತಿ ವಿಭಾಗಕ್ಕೆ ಕೊಡಬಹುದಾದದ್ದು ಬೇರೆ: ಗ್ರಹಿಕೆಗಳ ವಿವರಣೆ, ಪ್ರತಿಯೊಂದಕ್ಕೂ ಗುರುತು ಮರೆಸಿದ ಒಂದೆರಡು ಪ್ರಸಂಗಗಳು, ಮತ್ತು ಆ ಪ್ರಸಂಗಗಳನ್ನು ನರ್ಸ್‌ಗಳ ಮುಂದಿಟ್ಟು 'ನೀವಾಗಿದ್ದರೆ ಇಲ್ಲಿ ಏನನ್ನು ನೋಡುತ್ತಿದ್ದಿರಿ?' ಎಂದು ಚರ್ಚೆಗೆ ತೊಡಗಿಸುವ ಪ್ರಶ್ನೆಗಳು.